ನೂರು ವಿಶ್ವಕಪ್ ಗೆಲ್ಲುವುದು ಹೇಗೆ? ಮಿಕೇಲಾ ಶಿಫ್ರಿನ್ ದಾಖಲೆಯ ಒಳಗೆ

ದಾವಣಗೆರೆ, ಚಿತ್ರದುರ್ಗದ ವಾಚನಾಲಯಗಳಲ್ಲಿ ಕೆಪಿಎಸ್‌ಸಿ, ಪಿಎಸ್‌ಐ ಪರೀಕ್ಷೆಗೆಂದು ಬೆಳಗಿನಿಂದ ಕೂತು ಓದುವವರ ಪ್ರಚಲಿತ ವಿದ್ಯಮಾನದ ನೋಟ್ಸ್‌ಗೆ ಸೇರಬೇಕಾದ ಸಾಲುಗಳಲ್ಲಿ ಇದೂ ಒಂದು: ‘ಆಲ್ಪೈನ್ ಸ್ಕೀಯಿಂಗ್‌ನಲ್ಲಿ 100 ವಿಶ್ವಕಪ್ ಗೆಲುವು ಕಂಡ ಮೊದಲಿಗರು – ಅಮೆರಿಕದ ಮಿಕೇಲಾ ಶಿಫ್ರಿನ್.’ ಬಾಯಿಪಾಠ ಮಾಡಲು ಇಷ್ಟು ಸಾಕು. ಅರ್ಥ ಮಾಡಿಕೊಳ್ಳಲು ಹೊರಟರೆ ಮಾತ್ರ ತೊಡಕು ಶುರುವಾಗುತ್ತದೆ. ಕ್ರಿಕೆಟ್ ವಿಶ್ವಕಪ್ ಬರುವುದು ನಾಲ್ಕು ವರ್ಷಕ್ಕೊಮ್ಮೆ. ಆ ಲೆಕ್ಕದಲ್ಲಿ ನೂರು ಗೆಲ್ಲಲು ನಾನೂರು ವರ್ಷ ಬೇಕು. ಮುವ್ವತ್ತು ತುಂಬುವ ಮೊದಲೇ ಒಬ್ಬಾಕೆ ಇದನ್ನು ಮುಗಿಸಿದ್ದು ಹೇಗೆ?

ಮಳೆಗಾಲಕ್ಕೆ ಮುಂಚಿನ ಆಲಿಕಲ್ಲು ಬಿಟ್ಟರೆ ಆಕಾಶದಿಂದ ಬೀಳುವ ಗಡ್ಡೆಯನ್ನೇ ಕಾಣದ ಬಯಲುಸೀಮೆ ನಮ್ಮದು. ಹಾಗಾಗಿ ಬುಡದಿಂದಲೇ ನೋಡೋಣ. ಕಾಲಿಗೆ ಸ್ಕೀ ಎಂಬ ಉದ್ದನೆಯ ಪಟ್ಟಿ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಆಟ ಆಲ್ಪೈನ್ ಸ್ಕೀಯಿಂಗ್. ಶಿಫ್ರಿನ್ ಬಗ್ಗೆ ಇಲ್ಲಿರುವ ಅಂಕಿಗಳೆಲ್ಲ 2024–25ರ ಋತು ಮುಗಿಯುವವರೆಗಿನವು. ಆಕೆಯ ಗೆಲುವುಗಳು ಆಗ 101.

ಮೊದಲು ವಿಶ್ವಕಪ್ ಲೆಕ್ಕ

ಸ್ಕೀ ಲೋಕದ ವಿಶ್ವಕಪ್ ಒಂದು ಟೂರ್ನಿಯಲ್ಲ, ಚಳಿಗಾಲವಿಡೀ ಊರಿಂದೂರಿಗೆ ಸಾಗುವ ಸರಣಿ. 1967ರ ಜನವರಿಯಲ್ಲಿ ಶುರುವಾದ ಇದನ್ನು ಅಂತಾರಾಷ್ಟ್ರೀಯ ಸ್ಕೀ ಮತ್ತು ಸ್ನೋಬೋರ್ಡ್ ಒಕ್ಕೂಟ, ಅಂದರೆ ಎಫ್‌ಐಎಸ್, ನಡೆಸುತ್ತದೆ. ಸಾಮಾನ್ಯವಾಗಿ ಅಕ್ಟೋಬರ್ ಕೊನೆಗೆ ಆಸ್ಟ್ರಿಯಾದ ಸೋಲ್ಡನ್‌ನ ಹಿಮನದಿಯ ಮೇಲೆ ಮೊದಲ ಓಟ, ಮಾರ್ಚ್‌ನಲ್ಲಿ ಕೊನೆಯ ಓಟ. ನಡುವೆ ಪುರುಷರಿಗೂ ಮಹಿಳೆಯರಿಗೂ ಬೇರೆಬೇರೆಯಾಗಿ ಹಲವು ಹತ್ತು ಓಟಗಳು. ಇದರಲ್ಲಿ ಒಂದೇ ಒಂದು ಓಟ ಗೆದ್ದರೂ ಅದು ‘ಒಂದು ವಿಶ್ವಕಪ್ ಗೆಲುವು’. ನೂರು ಎಂದರೆ ಇಂಥ ನೂರು ಓಟಗಳಲ್ಲಿ ಮೊದಲ ಸ್ಥಾನ.

ಪ್ರತಿ ಓಟದಲ್ಲೂ ಮೊದಲ 30 ಮಂದಿಗೆ ಅಂಕ ಸಿಗುತ್ತದೆ. ಗೆದ್ದವರಿಗೆ 100, ಎರಡನೆಯವರಿಗೆ 80, ಮೂರಕ್ಕೆ 60, ನಾಲ್ಕಕ್ಕೆ 50, ಐದಕ್ಕೆ 45, ಆರಕ್ಕೆ 40, ಹೀಗೆ ಇಳಿಯುತ್ತ 30ನೆಯವರಿಗೆ ಒಂದು. ಋತು ಮುಗಿದಾಗ ಎಲ್ಲ ವಿಭಾಗಗಳ ಅಂಕ ಸೇರಿಸಿ ಅತಿ ಹೆಚ್ಚು ಗಳಿಸಿದವರಿಗೆ ದೊಡ್ಡ ಸ್ಫಟಿಕ ಗೋಳ ಕೊಡುತ್ತಾರೆ. ಒಂದೊಂದು ವಿಭಾಗದಲ್ಲಿ ಮೊದಲು ಬಂದವರಿಗೆ ಅದೇ ಆಕಾರದ ಚಿಕ್ಕ ಗೋಳ. ಬೇರೆ ಆಟಗಳಲ್ಲಿ ‘ಕಪ್’ ಎನ್ನುತ್ತೇವಲ್ಲ, ಅದಕ್ಕೆ ಸಮನಾದದ್ದು ಈ ಗೋಳಗಳೇ ಹೊರತು ಒಂಟಿ ಗೆಲುವುಗಳಲ್ಲ. ಶಿಫ್ರಿನ್ ಬಳಿ ದೊಡ್ಡ ಗೋಳ ಐದಿವೆ (2017, 2018, 2019, 2022, 2023). ಚಿಕ್ಕವು ಹನ್ನೊಂದು: ಸ್ಲಾಲೋಮ್‌ನಲ್ಲಿ ಎಂಟು, ಜೈಂಟ್ ಸ್ಲಾಲೋಮ್‌ನಲ್ಲಿ ಎರಡು, ಸೂಪರ್-ಜಿಯಲ್ಲಿ ಒಂದು (ಈ ವಿಭಾಗಗಳ ವಿವರ ಮುಂದಿದೆ). ದೊಡ್ಡ ಗೋಳದ ಲೆಕ್ಕದಲ್ಲಿ ಎಲ್ಲರಿಗಿಂತ ಮುಂದಿರುವವರು ಶಿಫ್ರಿನ್ ಅಲ್ಲ, ಆಸ್ಟ್ರಿಯಾದ ಮಾರ್ಸೆಲ್ ಹಿರ್ಷರ್. ಆತ 2012ರಿಂದ 2019ರವರೆಗೆ ಸತತ ಎಂಟು ಗೆದ್ದರು. ಪ್ರಶ್ನೆಪತ್ರಿಕೆಯಲ್ಲಿ ‘ಅತಿ ಹೆಚ್ಚು ವಿಶ್ವಕಪ್’ ಎಂದಷ್ಟೇ ಕೇಳಿದರೆ ಪ್ರಶ್ನೆಯೇ ಅರ್ಧಂಬರ್ಧ. ಓಟವೋ ಗೋಳವೋ ಎಂದು ಬಿಡಿಸಿ ಕೇಳಬೇಕು.

ಗೆಲುವು ಬೇರೆ, ಅಂಕ ಬೇರೆ ಎಂಬುದಕ್ಕೆ ಎರಡು ಋತುಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು. 2018–19ರಲ್ಲಿ ಶಿಫ್ರಿನ್ 17 ಓಟ ಗೆದ್ದರು. ಒಂದೇ ಋತುವಿನಲ್ಲಿ ಅಷ್ಟು ಗೆಲುವು ಯಾರೂ ಕಂಡಿರಲಿಲ್ಲ. ಅದಕ್ಕೆ ಮುಂಚಿನ ದಾಖಲೆ ಸ್ವಿಟ್ಜರ್ಲೆಂಡಿನ ವ್ರೇನಿ ಶ್ನೈಡರ್ 1988–89ರಲ್ಲಿ ಮಾಡಿದ್ದ 14. ಆದರೂ ಶಿಫ್ರಿನ್ ಆ ಋತುವಿನ ಅಂಕ 2,204. ಸ್ಲೊವೇನಿಯಾದ ಟೀನಾ ಮಾಝೆ 2012–13ರಲ್ಲಿ 11 ಗೆಲುವಿನಲ್ಲೇ 2,414 ಅಂಕ ಮಾಡಿದ್ದರು. ಮಾಝೆ ಯಾವ ವಿಭಾಗವನ್ನೂ ಬಿಡದೆ ಓಡಿ, ಗೆಲ್ಲದ ದಿನವೂ ಎರಡನೆಯದೋ ಮೂರನೆಯದೋ ಸ್ಥಾನ ಹಿಡಿದು 24 ಬಾರಿ ಮೊದಲ ಮೂವರಲ್ಲಿ ನಿಂತರು. ಶಿಫ್ರಿನ್ ತನಗೆ ಒಗ್ಗುವ ಓಟಗಳನ್ನು ಆರಿಸಿಕೊಂಡು, ಆರಿಸಿಕೊಂಡದ್ದನ್ನು ಗೆಲ್ಲುವ ಬಗೆಯವರು.

ನಿಯಮವೇ ಎದುರು ನಿಂತ ಉದಾಹರಣೆಯೂ ಇದೆ. ಸ್ವೀಡನ್ನಿನ ಇಂಗೆಮಾರ್ ಸ್ಟೆನ್‌ಮಾರ್ಕ್ 1978–79ರಲ್ಲಿ 13 ಓಟ ಗೆದ್ದೂ ಒಟ್ಟು ಪಟ್ಟಿಯಲ್ಲಿ ಐದನೆಯವರಾದರು. ಒಂದು ವಿಭಾಗದಲ್ಲಿ ಎಷ್ಟೇ ಗೆದ್ದರೂ ಕೆಲವೇ ಉತ್ತಮ ಫಲಿತಾಂಶಗಳನ್ನು ಮಾತ್ರ ಎಣಿಸುವ ನಿಯಮ ಆಗ ಬಂದಿತ್ತು. ಸ್ಟೆನ್‌ಮಾರ್ಕ್ ಓಡುತ್ತಿದ್ದದ್ದು ಎರಡೇ ವಿಭಾಗಗಳಲ್ಲಿ.

ಒಂದೇ ಬೆಟ್ಟ, ನಾಲ್ಕು ಆಟ

ಆಲ್ಪೈನ್ ಎಂದರೆ ಇಳಿಜಾರಿನಲ್ಲಿ ಕೆಳಕ್ಕೆ ಜಾರುವ ಸ್ಕೀ. ಸಮತಟ್ಟು, ಏರು, ಇಳಿಜಾರು ಮೂರನ್ನೂ ಕಾಲಬಲದಿಂದ ಕ್ರಮಿಸುವ ಕ್ರಾಸ್-ಕಂಟ್ರಿ ಸ್ಕೀ ಬೇರೆಯೇ ಆಟ. ಅದರ ಸ್ಕೀಗೆ ಹಿಮ್ಮಡಿ ಅಂಟಿರುವುದಿಲ್ಲ, ಆಲ್ಪೈನ್ ಸ್ಕೀಗೆ ಬೂಟಿನ ಎರಡೂ ತುದಿ ಕಚ್ಚಿಕೊಂಡಿರುತ್ತವೆ. ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಕ್ರಾಸ್-ಕಂಟ್ರಿಯವರು. ಅವರ ಹೆಸರನ್ನು ಶಿಫ್ರಿನ್ ಜತೆ ಒಂದೇ ಪಟ್ಟಿಯಲ್ಲಿ ಸೇರಿಸಬೇಡಿ.

ಆಲ್ಪೈನ್‌ನೊಳಗೆ ಮುಖ್ಯ ವಿಭಾಗ ನಾಲ್ಕು. ವೇಗದವು ಎರಡು, ತಿರುವಿನವು ಎರಡು.

ಡೌನ್‌ಹಿಲ್ ಎಲ್ಲಕ್ಕಿಂತ ಉದ್ದ, ಎಲ್ಲಕ್ಕಿಂತ ವೇಗ. ಒಂದೇ ಓಟ. ಆಸ್ಟ್ರಿಯಾದ ಕಿಟ್ಸ್‌ಬ್ಯೂಯೆಲ್‌ನ ಪ್ರಸಿದ್ಧ ಜಾರುದಾರಿ 3,312 ಮೀಟರ್ ಉದ್ದವಿದ್ದು, ಹೊರಡುವ ಜಾಗದಿಂದ ಮುಟ್ಟುವ ಜಾಗಕ್ಕೆ ಸುಮಾರು 860 ಮೀಟರ್ ಇಳಿಯುತ್ತದೆ. ಅದರ ಅತಿ ಕಡಿದಾದ ಭಾಗ ಶೇ 85ರ ಇಳಿಜಾರು: ಅಡ್ಡಕ್ಕೆ 100 ಮೀಟರ್ ಹೋಗುವಷ್ಟರಲ್ಲಿ 85 ಮೀಟರ್ ಕೆಳಗೆ. ಸ್ವಿಟ್ಜರ್ಲೆಂಡಿನ ವೆಂಗನ್‌ನಲ್ಲಿ 2013ರಲ್ಲಿ ಫ್ರಾನ್ಸಿನ ಯೋಹಾನ್ ಕ್ಲಾರೆ ಗಂಟೆಗೆ 161.9 ಕಿ.ಮೀ. ವೇಗ ಮುಟ್ಟಿದ್ದರು. ಅಪಾಯ ಇಷ್ಟಿರುವುದರಿಂದಲೇ ಡೌನ್‌ಹಿಲ್‌ಗೆ ಮಾತ್ರ ಅದೇ ದಾರಿಯಲ್ಲಿ ಮುಂಚಿತವಾಗಿ ಅಭ್ಯಾಸದ ಓಟ ಕಡ್ಡಾಯ. ಸೂಪರ್-ಜಿ ಇದರ ತಮ್ಮ: ದಾರಿ ಕೊಂಚ ಗಿಡ್ಡ, ತಿರುವು ಕೊಂಚ ಹೆಚ್ಚು, ಅಭ್ಯಾಸದ ಓಟ ಇಲ್ಲ.

ಜೈಂಟ್ ಸ್ಲಾಲೋಮ್ ಮತ್ತು ಸ್ಲಾಲೋಮ್‌ನಲ್ಲಿ ಒಂದೇ ಸ್ಪರ್ಧೆಗೆ ಎರಡು ಓಟ, ಎರಡರ ಸಮಯ ಕೂಡಿಸಿ ಒಂದೇ ಫಲಿತಾಂಶ. ಜೈಂಟ್‌ನಲ್ಲಿ ತಿರುವುಗಳು ವಿಶಾಲ. ಸ್ಲಾಲೋಮ್‌ನಲ್ಲಿ ತೀರಾ ಒತ್ತೊತ್ತಾಗಿ ಬರುತ್ತವೆ. ಶಾಲೆಯ ಅಂಗಳದ ಖೋ ಖೋದಲ್ಲಿ ಸಾಲಾಗಿ ಕೂತವರ ನಡುವೆ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ನುಸುಳುವ ಆಟಗಾರನನ್ನು ನೆನೆದುಕೊಂಡರೆ ದಾರಿಯ ಆಕಾರ ಕಣ್ಣಿಗೆ ಕಟ್ಟುತ್ತದೆ. ವ್ಯತ್ಯಾಸವೆಂದರೆ ಕೂತವರು ಎಂಟಲ್ಲ, ಅರವತ್ತರ ಹತ್ತಿರ, ಅಂಗಳ ಇಳಿಜಾರು, ನೆಲ ಗಾಜಿನಷ್ಟು ಗಟ್ಟಿ.

ಅರವತ್ತು ಎಂಬುದು ಸುಮ್ಮನೆ ಹೇಳಿದ ಸಂಖ್ಯೆಯಲ್ಲ. ಸ್ಲಾಲೋಮ್‌ನಲ್ಲಿ ದಿಕ್ಕು ಬದಲಿಸುವ ತಿರುವುಗಳು ಎತ್ತರದ ಇಳಿತದ ಶೇ 30ರಿಂದ 35ರಷ್ಟಿರಬೇಕು, ಮೂರು ಹೆಚ್ಚುಕಡಿಮೆ ಆದರೆ ಪರವಾಗಿಲ್ಲ ಎಂದು ನಿಯಮವಿದೆ. ಮಹಿಳೆಯರ ದಾರಿ 190 ಮೀಟರ್ ಇಳಿಯುವಂತಿದ್ದರೆ 57ರಿಂದ 66 ತಿರುವು. ಒಂದು ಓಟಕ್ಕೆ ಹಿಡಿಯುವುದು ಐವತ್ತೋ ಅರವತ್ತೋ ಸೆಕೆಂಡು. ಅಂದರೆ ಸೆಕೆಂಡಿಗೊಂದು ತಿರುವು. ಜೈಂಟ್ ಸ್ಲಾಲೋಮ್‌ನಲ್ಲಿ ಇದೇ ಲೆಕ್ಕ ಶೇ 11ರಿಂದ 15.

ಸ್ಕೀಗಳೂ ಬೇರೆಬೇರೆ. ಮಹಿಳೆಯರ ಸ್ಲಾಲೋಮ್ ಸ್ಕೀ ಕನಿಷ್ಠ 155 ಸೆಂ.ಮೀ., ಜೈಂಟ್‌ನದು 188, ಡೌನ್‌ಹಿಲ್‌ನದು 210. ಸ್ಕೀಯ ನಡು ಸಪೂರ, ಎರಡು ತುದಿ ಅಗಲ ಇರುತ್ತದೆ. ಅದನ್ನು ಅಂಚಿನ ಮೇಲೆ ಓರೆ ಮಾಡಿ ಒತ್ತಿದಾಗ ಬಿಲ್ಲಿನಂತೆ ಬಾಗಿ ತಾನೇ ಕಮಾನು ಕೊರೆಯುತ್ತದೆ. ನಡು ಎಷ್ಟು ಸಪೂರವೋ ಕಮಾನು ಅಷ್ಟು ಬಿಗಿ. ಡೌನ್‌ಹಿಲ್ ಸ್ಕೀ ಕೊರೆಯುವ ಕಮಾನಿನ ತ್ರಿಜ್ಯ 50 ಮೀಟರ್, ಜೈಂಟ್‌ನದು 30. ಸ್ಲಾಲೋಮ್‌ನದು ಅದಕ್ಕಿಂತಲೂ ತೀರಾ ಚಿಕ್ಕದು. ಹೀಗಾಗಿ ಒಂದು ವಿಭಾಗದಲ್ಲಿ ಪಳಗಿದ ಕಾಲು ಇನ್ನೊಂದರಲ್ಲಿ ಹೊಸದಾಗಿ ಕಲಿಯಬೇಕಾಗುತ್ತದೆ. ಬಹಳಷ್ಟು ಮಂದಿ ಒಂದೆರಡಕ್ಕೆ ಅಂಟಿಕೊಳ್ಳುವುದು ಇದೇ ಕಾರಣಕ್ಕೆ.

ಒಂದು ಗೇಟು ದಾಟುವಾಗ

ನೆಲಕ್ಕೆ ನೆಟ್ಟ ಕೆಂಪು, ನೀಲಿ ಕಂಬಗಳಿಗೆ ಗೇಟು ಎನ್ನುತ್ತಾರೆ. ಬಣ್ಣ ಒಂದಾದ ಮೇಲೊಂದು ಬದಲಾಗುತ್ತದೆ. ನಿಯಮ ಸರಳ: ಎರಡೂ ಸ್ಕೀಗಳ ತುದಿ ಮತ್ತು ಎರಡೂ ಪಾದ ಗೇಟಿನ ಗೆರೆ ದಾಟಬೇಕು. ದೇಹದ ಬಗ್ಗೆ ನಿಯಮ ಏನೂ ಹೇಳುವುದಿಲ್ಲ. ಆಟದ ಗುಟ್ಟು ಇರುವುದು ಇಲ್ಲೇ. ಪಾದಗಳು ಕಂಬದ ಹೊರಬದಿಯಿಂದ ಸುತ್ತಿದರೆ ಸಾಕು, ಮೈ ಒಳಬದಿಯಿಂದ ನೇರ ನುಗ್ಗಬಹುದು. ಹಾಗೆ ನುಗ್ಗುವಾಗ ಕಂಬ ಅಡ್ಡ ಬರುತ್ತದೆ. ಅದನ್ನು ಮೊಣಕಾಲ ಕೆಳಗಿನ ಗಟ್ಟಿ ಕವಚದಿಂದಲೋ ಕೈಯ ಮುಷ್ಟಿ ಕಾಪಿನಿಂದಲೋ ಹೊಡೆದು ಮಲಗಿಸುತ್ತಾರೆ. ಕಂಬದ ಬುಡದಲ್ಲಿ ಸ್ಪ್ರಿಂಗ್ ಕೀಲು ಇರುವುದರಿಂದ ಮಲಗಿದ್ದು ಮತ್ತೆ ಎದ್ದು ನಿಲ್ಲುತ್ತದೆ. ಈ ಕೀಲಿನ ಕಂಬ ಬಂದದ್ದು 1980ರ ದಶಕದಲ್ಲಿ. ಅದಕ್ಕೆ ಮುಂಚೆ ಬಗ್ಗದ ಕಂಬಗಳಿದ್ದವು, ಮೈಯನ್ನೂ ಕಂಬದ ಹೊರಗಿನಿಂದಲೇ ಸುತ್ತಿಸಿಕೊಂಡು ಹೋಗಬೇಕಿತ್ತು. ಸ್ಟೆನ್‌ಮಾರ್ಕ್ ತಮ್ಮ ಗೆಲುವುಗಳಲ್ಲಿ ಹೆಚ್ಚಿನವನ್ನು ಕಂಡದ್ದು ಆ ಕಾಲದಲ್ಲಿ.

ಇಲ್ಲಿ ತಪ್ಪುವುದು ಎರಡು ಬಗೆಯಲ್ಲಿ. ಮೊದಲನೆಯದು, ಕಂಬಕ್ಕೆ ತೀರಾ ಹತ್ತಿರ ಹೋಗಿ ಒಂದು ಸ್ಕೀ ಒಳಬದಿಗೂ ಇನ್ನೊಂದು ಹೊರಬದಿಗೂ ಬೀಳುವುದು. ಕಂಬ ಎರಡು ಕಾಲಿನ ನಡುವೆ ಹಾದುಹೋಯಿತೆಂದರೆ ಓಟ ಅಲ್ಲಿಗೆ ಮುಗಿಯಿತು. ಸ್ಕೀ ತುದಿಯ ಒಂದೆರಡು ಸೆಂ.ಮೀ. ವ್ಯತ್ಯಾಸ ಸಾಕು, ಎಷ್ಟೋ ಸಲ ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಎರಡನೆಯದು, ತಿರುವನ್ನು ತಡವಾಗಿ ಶುರುಮಾಡುವುದು. ಗೇಟಿನ ಹತ್ತಿರ ಬಂದ ಮೇಲೆ ತಿರುಗಿದರೆ ತಿರುವು ಗೇಟಿನ ಕೆಳಗೆ ಮುಗಿಯುತ್ತದೆ. ಮುಂದಿನ ಗೇಟಿಗೆ ಇನ್ನೂ ತಡ, ಅದರ ಮುಂದಿನದಕ್ಕೆ ಮತ್ತೂ ತಡ. ನಾಲ್ಕೈದು ಗೇಟಿನಲ್ಲಿ ದಾರಿಯೇ ಕೈತಪ್ಪುತ್ತದೆ. ಬಲ್ಲವರು ತಿರುವಿನ ಹೆಚ್ಚಿನ ಕೆಲಸವನ್ನು ಗೇಟಿಗಿಂತ ಮೇಲೆಯೇ ಮುಗಿಸಿರುತ್ತಾರೆ. ಗೇಟು ದಾಟುವ ಹೊತ್ತಿಗೆ ಸ್ಕೀ ಆಗಲೇ ಮುಂದಿನದರ ಕಡೆ ಮುಖ ಮಾಡಿರುತ್ತದೆ.

ಶಿಫ್ರಿನ್ ಓಟದ ವಿಡಿಯೊ ಸಿಕ್ಕರೆ ತಲೆಯನ್ನು ಮಾತ್ರ ಗಮನಿಸಿ. ಕಾಲುಗಳು ಸೊಂಟದ ಕೆಳಗೆ ಅತ್ತಿಂದಿತ್ತ ಬೀಸುತ್ತಿದ್ದರೂ ಭುಜ, ತಲೆ ಅಲುಗದೆ ಇಳಿಜಾರಿನ ಕೆಳಕ್ಕೇ ನೋಡುತ್ತಿರುತ್ತವೆ. ಎಡಕ್ಕೆ ತಿರುಗುವಾಗ ಭಾರವೆಲ್ಲ ಬಲಗಾಲಿನ ಸ್ಕೀ ಮೇಲೆ, ಬಲಕ್ಕೆ ತಿರುಗುವಾಗ ಎಡಗಾಲಿನ ಮೇಲೆ. ತಿರುವಿನ ಜೋರಿನಲ್ಲಿ ಆ ಒಂದು ಕಾಲು ದೇಹದ ತೂಕದ ಎರಡು ಮೂರು ಪಟ್ಟು ಒತ್ತಡ ಹೊರುತ್ತದೆ. ಸ್ಕೀ ಅಡ್ಡಡ್ಡ ಉಜ್ಜಿದರೆ ಹಿಮದ ಪುಡಿ ದೊಡ್ಡದಾಗಿ ಹಾರುತ್ತದೆ, ಅದು ವೇಗ ಸೋರಿಹೋಗುವ ಗುರುತು. ಚೆನ್ನಾಗಿ ಕೊರೆದರೆ ನೆಲದ ಮೇಲೆ ತೆಳುವಾದ ಎರಡು ಗೆರೆ ಮಾತ್ರ ಉಳಿಯುತ್ತವೆ.

ಬೇಕಾಗಿರುವುದು ಹಿಮವಲ್ಲ, ಮಂಜುಗಡ್ಡೆ

ಟಿವಿಯಲ್ಲಿ ಹತ್ತಿಯಂತೆ ಕಂಡರೂ ವಿಶ್ವಕಪ್ ದಾರಿಯ ಮೇಲೆ ಮೆತ್ತನೆಯ ಹಿಮ ಇರಕೂಡದು. ಮೆತ್ತಗಿದ್ದರೆ ಮೊದಲು ಇಳಿದವರ ಸ್ಕೀ ಪ್ರತಿ ಗೇಟಿನ ಬಳಿಯೂ ಹಳ್ಳ ತೋಡುತ್ತದೆ. ಹತ್ತನೆಯವರು ಬರುವ ಹೊತ್ತಿಗೆ ಅದು ಚರಂಡಿಯಾಗಿ, ಮೂವತ್ತನೆಯವರಿಗೆ ಆಟವೇ ಬೇರೆಯಾಗಿರುತ್ತದೆ. ಎಲ್ಲರಿಗೂ ಆದಷ್ಟು ಒಂದೇ ನೆಲ ಸಿಗಲೆಂದು ಸಣ್ಣ ಮೂತಿಗಳಿರುವ ಉದ್ದನೆಯ ಕೊಳವೆಯಿಂದ ಹಿಮದ ಒಳಕ್ಕೆ ಒತ್ತಡದಲ್ಲಿ ನೀರು ಹಾಯಿಸಿ, ರಾತ್ರಿಯ ಚಳಿಗೆ ಹೆಪ್ಪುಗಟ್ಟಲು ಬಿಡುತ್ತಾರೆ. ಬೆಳಗ್ಗೆ ಅದು ಬಂಡೆ. ಅದನ್ನು ಕಚ್ಚಿ ಹಿಡಿಯಲು ಸ್ಕೀಯ ಎರಡು ಬದಿಗೂ ಉಕ್ಕಿನ ಅಂಚು ಇರುತ್ತದೆ, ತಂತ್ರಜ್ಞರು ಅದನ್ನು ಪ್ರತಿ ಓಟಕ್ಕೆ ಮುಂಚೆ ಅರದಿಂದ ಮಸೆಯುತ್ತಾರೆ.

ಬಿಸಿಲೇರಿ ಹಿಮ ಒದ್ದೆಯಾದರೆ ಉಪ್ಪು ಎರಚುತ್ತಾರೆ. ಕರಗಿಸುವ ಉಪ್ಪನ್ನು ಗಟ್ಟಿ ಮಾಡಲು ಬಳಸುವುದು ಎಂಥ ತಮಾಷೆ ಎನಿಸಬಹುದು. ಉಪ್ಪು ಮೇಲ್ಪದರದ ಸ್ವಲ್ಪ ಹಿಮವನ್ನು ಕರಗಿಸುತ್ತದೆ. ಕರಗಲು ಬೇಕಾದ ಶಾಖವನ್ನು ಸುತ್ತಲಿನ ಒದ್ದೆ ಹಿಮದಿಂದಲೇ ಎಳೆದುಕೊಳ್ಳುತ್ತದೆ. ಶಾಖ ಕಳೆದುಕೊಂಡ ಆ ನೀರು ಹೆಪ್ಪುಗಟ್ಟಿ ನೆಲ ಬಿಗಿಯಾಗುತ್ತದೆ. ಈ ಬಿಗಿ ಕೆಲವು ಗಂಟೆಯ ಮಾತು. ಬೇಗ ಎರಚಿದರೆ ಓಟದ ನಡುವೆಯೇ ನೆಲ ಕುಸಿಯುತ್ತದೆ, ಆದ್ದರಿಂದ ಎರಚುವ ಹೊತ್ತನ್ನು ಲೆಕ್ಕ ಹಾಕಿ ಗೊತ್ತುಮಾಡುತ್ತಾರೆ.

ಎರಡನೇ ಓಟದ ತಿರುಗುಮುರುಗು

ನೆಲ ಎಷ್ಟೇ ಗಟ್ಟಿಯಿದ್ದರೂ ಮೊದಲು ಇಳಿಯುವವರಿಗೆ ಲಾಭ ಇದ್ದೇ ಇದೆ. ಸ್ಲಾಲೋಮ್, ಜೈಂಟ್ ಸ್ಲಾಲೋಮ್‌ಗಳಲ್ಲಿ ಆ ಲಾಭ ಹಿಂದಿನ ಸಾಧನೆಯಿಂದ ಗಳಿಸಬೇಕಾದದ್ದು. ಶ್ರೇಯಾಂಕದ ಮೊದಲ ಏಳು ಮಂದಿಗೆ ಚೀಟಿ ಎತ್ತಿ 1ರಿಂದ 7ರವರೆಗಿನ ಬಿಬ್ ಸಂಖ್ಯೆ, ಅಂದರೆ ಇಳಿಯುವ ಸರದಿ, ಹಂಚುತ್ತಾರೆ, ನಂತರದ ಎಂಟು ಮಂದಿಗೆ 8ರಿಂದ 15. ಹದಿನಾರರಿಂದ ಮುಂದೆ ಶ್ರೇಯಾಂಕದಂತೆ ಸಾಲು. ಹೊಸಬರು ಅರವತ್ತನೆಯವರಾಗಿ ಹಳ್ಳ ಬಿದ್ದ ದಾರಿಯಲ್ಲಿ ಇಳಿದು ಮೊದಲ ಮೂವತ್ತರೊಳಗೆ ಬರಬೇಕು. ಬಾರದಿದ್ದರೆ ಎರಡನೇ ಓಟವೂ ಇಲ್ಲ, ಅಂಕವೂ ಇಲ್ಲ.

ಎರಡನೇ ಓಟಕ್ಕೆ ಗೇಟುಗಳನ್ನೆಲ್ಲ ಕಿತ್ತು ಬೇರೊಬ್ಬ ಕೋಚ್ ಹೊಸದಾಗಿ ನೆಡುತ್ತಾರೆ. ಮೊದಲ ಓಟದಲ್ಲಿ 30ನೆಯವರಾದವರು ಮೊದಲು ಇಳಿಯುತ್ತಾರೆ, ಮುಂದಿದ್ದವರು ಕೊನೆಗೆ. ನೋಡುವವರಿಗೆ ಕುತೂಹಲ ಉಳಿಯಲಿ ಎಂಬುದೂ ಇದರ ಉದ್ದೇಶ. ಮುಂದಿರುವವರಿಗೆ ಮಾತ್ರ ಶಿಕ್ಷೆ. ಎಲ್ಲರ ಕೊನೆಗೆ, ಅತಿ ಕೆಟ್ಟ ನೆಲದಲ್ಲಿ, ಕೆಳಗೆ ಯಾರು ಎಷ್ಟು ಮಾಡಿದ್ದಾರೆಂದು ಗೊತ್ತಿರುವಾಗ ಇಳಿಯಬೇಕು. ಸ್ಲಾಲೋಮ್‌ನಲ್ಲಿ ಅಭ್ಯಾಸದ ಓಟವೂ ಇಲ್ಲವೆಂದು ನೆನಪಿರಲಿ. ಓಟಕ್ಕೆ ಮುಂಚೆ ದಾರಿಯ ಪಕ್ಕದಲ್ಲಿ ಅಡ್ಡಡ್ಡ ಜಾರುತ್ತ ಗೇಟುಗಳನ್ನು ನೋಡಿ, ಅರವತ್ತು ತಿರುವನ್ನೂ ತಲೆಯಲ್ಲಿಟ್ಟುಕೊಳ್ಳಲು ಬಿಡುತ್ತಾರೆ, ಅಷ್ಟೇ. ಶಿಫ್ರಿನ್ ತಮ್ಮ ಸ್ಲಾಲೋಮ್ ಗೆಲುವುಗಳಲ್ಲಿ ಬಹುಪಾಲನ್ನು ಹೀಗೆ ಕೊನೆಯಲ್ಲಿ ಇಳಿದೇ ಉಳಿಸಿಕೊಂಡವರು. ಅವರ ದಾಖಲೆಯಲ್ಲಿ ಅತ್ಯಂತ ಕಷ್ಟದ ಭಾಗ ಇದೇ ಎಂದು ಹೇಳಬಹುದು.

ಸಮಯ ಅಳೆಯುವುದು ಸೆಕೆಂಡಿನ ನೂರನೇ ಪಾಲಿನಲ್ಲಿ. ಗಂಟೆಗೆ 120 ಕಿ.ಮೀ. ವೇಗದಲ್ಲಿ 0.01 ಸೆಕೆಂಡ್ ಎಂದರೆ 33 ಸೆಂ.ಮೀ., ಒಂದು ಅಡಿಗಿಂತ ಕೊಂಚ ಹೆಚ್ಚು. ನೂರನೇ ಪಾಲೂ ಸಮವಾದರೆ ಸ್ಥಾನ ಹಂಚಿಕೊಳ್ಳುತ್ತಾರೆ. 2014ರ ಸೋಚಿ ಒಲಿಂಪಿಕ್ಸ್ ಮಹಿಳಾ ಡೌನ್‌ಹಿಲ್‌ನಲ್ಲಿ ಟೀನಾ ಮಾಝೆ ಮತ್ತು ಸ್ವಿಟ್ಜರ್ಲೆಂಡಿನ ಡೊಮಿನಿಕ್ ಗಿಸಿನ್ ಇಬ್ಬರಿಗೂ ಚಿನ್ನ ಬಂತು. ಇಂಥ ಆಟದಲ್ಲಿ ಶಿಫ್ರಿನ್ 2015ರ ನವೆಂಬರ್‌ನಲ್ಲಿ ಅಮೆರಿಕದ ಆಸ್ಪೆನ್‌ನ ಸ್ಲಾಲೋಮನ್ನು 3.07 ಸೆಕೆಂಡ್ ಅಂತರದಲ್ಲಿ ಗೆದ್ದದ್ದು ಈಗಲೂ ನಂಬಲು ಕಷ್ಟವಾಗುವ ಅಂಕಿ.

101ನ್ನು ಬಿಡಿಸಿದಾಗ

ಈಗ ಆ ದೊಡ್ಡ ಸಂಖ್ಯೆಯನ್ನು ಬಿಡಿಸಬಹುದು. ಸ್ಲಾಲೋಮ್ 64, ಜೈಂಟ್ ಸ್ಲಾಲೋಮ್ 22, ಸೂಪರ್-ಜಿ 5, ಡೌನ್‌ಹಿಲ್ 4, ಇಬ್ಬರು ಪಕ್ಕಪಕ್ಕ ಇಳಿಯುವ ಪ್ಯಾರಲಲ್ 5, ಒಂದು ವೇಗದ ಓಟ ಮತ್ತು ಒಂದು ಸ್ಲಾಲೋಮ್ ಸೇರಿದ ಕಂಬೈನ್ಡ್ 1. ಬುನಾದಿ ಸ್ಲಾಲೋಮ್‌ನದು ಎಂಬುದು ಸ್ಪಷ್ಟ. ಆದರೆ ಈ ಆರರಲ್ಲೂ ಗೆದ್ದವರು ಶಿಫ್ರಿನ್ ಒಬ್ಬರೇ.

ದಾರಿ ಹೀಗಿತ್ತು. 1995ರ ಮಾರ್ಚ್ 13ರಂದು ಅಮೆರಿಕದ ಕೊಲರಾಡೊ ರಾಜ್ಯದ ವೇಲ್‌ನಲ್ಲಿ ಹುಟ್ಟು. 16 ತುಂಬಲು ಎರಡು ದಿನವಿರುವಾಗ ಮೊದಲ ವಿಶ್ವಕಪ್ ಓಟ. 2012ರ ಡಿಸೆಂಬರ್ 20ರಂದು ಸ್ವೀಡನ್ನಿನ ಓರೆ ಎಂಬಲ್ಲಿ ಮೊದಲ ಗೆಲುವು. ಸ್ಟೆನ್‌ಮಾರ್ಕ್ ಅವರ 86 ಗೆಲುವುಗಳ ದಾಖಲೆ ಸರಿಗಟ್ಟಿದ್ದೂ, 2023ರ ಮಾರ್ಚ್ 11ರಂದು ಮುರಿದದ್ದೂ ಅದೇ ಓರೆಯಲ್ಲಿ, ಸ್ಟೆನ್‌ಮಾರ್ಕ್ ಅವರ ತವರು ದೇಶದಲ್ಲೇ. 2025ರ ಫೆಬ್ರವರಿ 23ರಂದು ಇಟಲಿಯ ಸೆಸ್ಟ್ರಿಯೆರೆಯಲ್ಲಿ ನೂರನೆಯದು, ಮಾರ್ಚ್‌ನಲ್ಲಿ ತವರಿನ ಸನ್ ವ್ಯಾಲಿಯಲ್ಲಿ 101.

ಸ್ಟೆನ್‌ಮಾರ್ಕ್ ಅವರ 86ರಲ್ಲಿ 46 ಜೈಂಟ್, 40 ಸ್ಲಾಲೋಮ್. ಬೇರೆ ಏನೂ ಇಲ್ಲ. ಶಿಫ್ರಿನ್‌ಗಿಂತ ಮುಂಚೆ ಮಹಿಳೆಯರ ದಾಖಲೆ ಇದ್ದದ್ದು ಲಿಂಡ್ಸೆ ವಾನ್ ಹೆಸರಲ್ಲಿ. 2019ರಲ್ಲಿ ನಿವೃತ್ತಿ ಘೋಷಿಸಿದಾಗ ಅವರ ಗೆಲುವು 82, ಅದರಲ್ಲಿ 43 ಡೌನ್‌ಹಿಲ್, 28 ಸೂಪರ್-ಜಿ. ಮೂವರ ಒಟ್ಟು ಸಂಖ್ಯೆ ಹತ್ತಿರಹತ್ತಿರ, ಒಳಗಿರುವ ಆಟ ಬೇರೆಬೇರೆ. ಯಾರು ದೊಡ್ಡವರು ಎಂಬ ವಾದಕ್ಕೆ ಒಟ್ಟು ಗೆಲುವನ್ನಷ್ಟೇ ಹಿಡಿದು ಕೂರುವುದು ಸರಿಯಾದ ಅಳತೆಯಲ್ಲ.

ಒಲಿಂಪಿಕ್ಸ್‌ನಲ್ಲಿ ಯಾಕೆ ಕಡಿಮೆ?

2014, 2018, 2022ರ ಮೂರು ಒಲಿಂಪಿಕ್ಸ್‌ಗಳಿಂದ ಶಿಫ್ರಿನ್‌ಗೆ ಬಂದದ್ದು ಮೂರು ಪದಕ: ಸೋಚಿಯಲ್ಲಿ 18ರ ವಯಸ್ಸಿಗೆ ಸ್ಲಾಲೋಮ್ ಚಿನ್ನ, ಪ್ಯೊಂಗ್‌ಚಾಂಗ್‌ನಲ್ಲಿ ಜೈಂಟ್ ಸ್ಲಾಲೋಮ್ ಚಿನ್ನ ಮತ್ತು ಕಂಬೈನ್ಡ್ ಬೆಳ್ಳಿ, ಬೀಜಿಂಗ್‌ನಲ್ಲಿ ಸೊನ್ನೆ. ಬೀಜಿಂಗ್‌ನಲ್ಲಿ ಜೈಂಟ್, ಸ್ಲಾಲೋಮ್, ಕಂಬೈನ್ಡ್‌ನ ಸ್ಲಾಲೋಮ್ ಮೂರರಲ್ಲೂ ಓಟ ಮುಗಿಸಲಿಲ್ಲ. ನೂರು ಗೆಲ್ಲುವವರಿಗೆ ಇದೇನಾಯಿತು?

ವಿಶ್ವಕಪ್‌ನಲ್ಲಿ ಒಂದು ವಾರ ಗೇಟು ತಪ್ಪಿದರೆ ಮುಂದಿನ ವಾರ ಇನ್ನೊಂದು ಓಟವಿದೆ. ಒಲಿಂಪಿಕ್ಸ್‌ನಲ್ಲಿ ಒಂದು ವಿಭಾಗಕ್ಕೆ ನಾಲ್ಕು ವರ್ಷಕ್ಕೊಂದೇ ಓಟ. ಸ್ಲಾಲೋಮ್‌ನಲ್ಲಿ ಓಟ ಮುಗಿಸದಿರುವುದು ಯಾರಿಗೂ ಅಪರೂಪವಲ್ಲ, ಅದು ಯಾವ ದಿನ ಬರುತ್ತದೆ ಎಂಬುದಷ್ಟೇ ವಿಷಯ. ಇವೆರಡರ ನಡುವೆ ವಿಶ್ವ ಚಾಂಪಿಯನ್‌ಷಿಪ್ ಇದೆ. ಬೆಸ ಸಂಖ್ಯೆಯ ವರ್ಷಗಳಲ್ಲಿ ನಡೆಯುವ ಇದು ವಿಶ್ವಕಪ್‌ಗಿಂತ ಬೇರೆ, ಪರೀಕ್ಷೆಯಲ್ಲಿ ಗೊಂದಲ ಮಾಡಿಕೊಳ್ಳುವುದು ಇಲ್ಲೇ ಹೆಚ್ಚು. ಅಲ್ಲಿ ಶಿಫ್ರಿನ್ 2013ರಿಂದ 2025ರವರೆಗೆ 15 ಪದಕ ಗೆದ್ದಿದ್ದಾರೆ, ಎಂಟು ಚಿನ್ನ. 2013, 2015, 2017, 2019ರಲ್ಲಿ ಸತತವಾಗಿ ಸ್ಲಾಲೋಮ್ ಚಿನ್ನ. ಎಂಟನೆಯ ಚಿನ್ನ 2025ರಲ್ಲಿ ಆಸ್ಟ್ರಿಯಾದ ಸಾಲ್‌ಬಾಕ್‌ನಲ್ಲಿ, ಒಬ್ಬರು ಡೌನ್‌ಹಿಲ್, ಇನ್ನೊಬ್ಬರು ಸ್ಲಾಲೋಮ್ ಓಡಿ ಸಮಯ ಕೂಡಿಸುವ ಹೊಸ ಬಗೆಯ ಜೋಡಿ ಸ್ಪರ್ಧೆಯಲ್ಲಿ ಬ್ರೀಝಿ ಜಾನ್ಸನ್ ಜತೆಗೆ.

ಬಿದ್ದಾಗ

99ಕ್ಕೂ 100ಕ್ಕೂ ನಡುವೆ ಮೂರು ತಿಂಗಳು ಹಿಡಿದದ್ದಕ್ಕೆ ಕಾರಣ 2024ರ ನವೆಂಬರ್ 30. ಅಮೆರಿಕದ ಕಿಲ್ಲಿಂಗ್ಟನ್‌ನಲ್ಲಿ ಜೈಂಟ್ ಸ್ಲಾಲೋಮ್. ಮೊದಲ ಓಟದಲ್ಲಿ ಶಿಫ್ರಿನ್ ಮುಂದಿದ್ದರು. ಎರಡನೆಯದರಲ್ಲಿ ಅಂಚು ಹಿಡಿತ ತಪ್ಪಿ ಗೇಟಿಗೆ ಬಡಿದು, ಉರುಳಿ ರಕ್ಷಣಾ ಬಲೆಗೆ ಹೋಗಿ ಬಿದ್ದರು. ಹೊಟ್ಟೆಯ ಪಕ್ಕಕ್ಕೆ ಚುಚ್ಚಿದ ಆಳದ ಗಾಯ, ಪಕ್ಕೆಯ ಸ್ನಾಯುವಿಗೆ ಪೆಟ್ಟು. ಡಿಸೆಂಬರ್‌ನಲ್ಲಿ ಶಸ್ತ್ರಚಿಕಿತ್ಸೆ. ಜನವರಿ 30ರಂದು ಫ್ರಾನ್ಸಿನ ಕೂರ್ಷೆವೆಲ್‌ನಲ್ಲಿ ಮರಳಿ ಬಂದು ಹತ್ತನೆಯವರಾದರು. ಗಾಯ ಮಾಗಿದರೂ ಜೈಂಟ್ ಸ್ಲಾಲೋಮ್‌ನ ವೇಗ ಕಂಡರೆ ಭಯ ಉಳಿದಿತ್ತು. ಅದನ್ನು ಬಚ್ಚಿಡದೆ ಹೇಳಿಕೊಂಡು ವಿಶ್ವ ಚಾಂಪಿಯನ್‌ಷಿಪ್‌ನ ಆ ಓಟದಿಂದ ಹಿಂದೆ ಸರಿದರು. ಸೆಸ್ಟ್ರಿಯೆರೆಯಲ್ಲಿ ನೂರನೆಯದನ್ನು ಗೆದ್ದ ವಾರಾಂತ್ಯದಲ್ಲೇ ಅಲ್ಲಿನ ಒಂದು ಜೈಂಟ್ ಸ್ಲಾಲೋಮ್‌ನಲ್ಲಿ ಎರಡನೇ ಓಟಕ್ಕೆ ಅರ್ಹತೆ ಕೂಡ ಸಿಕ್ಕಿರಲಿಲ್ಲ. ಮರುದಿನದ ಸ್ಲಾಲೋಮನ್ನು 0.61 ಸೆಕೆಂಡ್ ಅಂತರದಲ್ಲಿ ಗೆದ್ದರು. ವಿಭಾಗ ಬದಲಾದರೆ ಆಟವೇ ಬದಲಾಗುತ್ತದೆ ಎಂಬುದು ಇಲ್ಲಿ ಒಂದೇ ವಾರಾಂತ್ಯದಲ್ಲಿ ಕಾಣುತ್ತದೆ.

ಸ್ಕೀ ಓಟಗಾರರಿಗೆ ಹೆಚ್ಚು ಕಾಡುವುದು ಮೊಣಕಾಲು. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಒಂದು ಮಿತಿ ಮೀರಿದ ಎಳೆತಕ್ಕೆ ಬಿಚ್ಚಿಕೊಳ್ಳುತ್ತದೆ. ಆ ಮಿತಿ ಕಡಿಮೆ ಇಟ್ಟರೆ ಓಟದ ನಡುವೆ ಸುಮ್ಮಸುಮ್ಮನೆ ಬಿಚ್ಚಿಕೊಂಡು ಅನಾಹುತ; ಹೆಚ್ಚು ಇಟ್ಟರೆ ಬಿದ್ದಾಗ ಬಿಚ್ಚಿಕೊಳ್ಳದೆ, ಉದ್ದನೆಯ ಸ್ಕೀ ಸನ್ನೆಗೋಲಾಗಿ ಮೊಣಕಾಲನ್ನು ತಿರುಚುತ್ತದೆ. ಓಟಗಾರರು ಹೆಚ್ಚು ಇಡುವುದನ್ನೇ ಆರಿಸಿಕೊಳ್ಳುತ್ತಾರೆ. ಎಸಿಎಲ್ ಎಂಬ ಅಸ್ಥಿರಜ್ಜು ಹರಿದ ಸುದ್ದಿ ಪ್ರತಿ ಚಳಿಗಾಲವೂ ಬರುವುದು ಇದಕ್ಕೇ.

ನಮ್ಮವರ ಸುದ್ದಿ ಓದುವಾಗ

ಭಾರತದಲ್ಲಿ ಆಲ್ಪೈನ್ ಸ್ಕೀ ಇರುವುದು ಗುಲ್ಮಾರ್ಗ್, ಮನಾಲಿಯ ಸುತ್ತಮುತ್ತ, ಔಲಿಯಲ್ಲಿ. ಕಾಶ್ಮೀರದ ಆರಿಫ್ ಖಾನ್ 2022ರ ಬೀಜಿಂಗ್ ಒಲಿಂಪಿಕ್ಸ್‌ನ ಜೈಂಟ್ ಸ್ಲಾಲೋಮ್‌ನಲ್ಲಿ 45ನೆಯವರಾದರು, ಸ್ಲಾಲೋಮ್ ಮುಗಿಸಲಾಗಲಿಲ್ಲ. ಹಿಮಾಚಲದ ಆಂಚಲ್ ಠಾಕೂರ್ 2018ರಲ್ಲಿ ಟರ್ಕಿಯಲ್ಲಿ ಗೆದ್ದ ಕಂಚು ಸ್ಕೀಯಲ್ಲಿ ಭಾರತದ ಮೊದಲ ಅಂತಾರಾಷ್ಟ್ರೀಯ ಪದಕ. ಅದು ಎಫ್‌ಐಎಸ್ ಮಾನ್ಯತೆಯ ಓಟ, ವಿಶ್ವಕಪ್ ಅಲ್ಲ. ಮೆಟ್ಟಿಲು ಹೀಗಿದೆ: ತಳದಲ್ಲಿ ಎಫ್‌ಐಎಸ್ ಓಟಗಳು, ಅದರ ಮೇಲೆ ಯುರೋಪ ಕಪ್‌ನಂಥ ಖಂಡಮಟ್ಟದವು, ತುದಿಯಲ್ಲಿ ವಿಶ್ವಕಪ್.

ದಾವಣಗೆರೆಯ ಟಾರು ರಸ್ತೆಯ ಮೇಲೆ ಚಕ್ರದ ಶೂ ಕಟ್ಟುವ ಮಕ್ಕಳಿಗೆ ಇದರ ಹತ್ತಿರದ ನಂಟು ‘ಇನ್‌ಲೈನ್ ಆಲ್ಪೈನ್’. ಇಳಿಜಾರು ರಸ್ತೆಯಲ್ಲಿ ಇಂಥವೇ ಗೇಟು ನಿಲ್ಲಿಸಿ ಓಡುವ ರೋಲರ್ ಸ್ಕೇಟಿಂಗ್ ವಿಭಾಗ ಅದು.

ಮೆಟ್ಟಿಲು ಹತ್ತುವ ಲೆಕ್ಕಕ್ಕೆ ಎಫ್‌ಐಎಸ್ ಪಾಯಿಂಟ್ ಎಂದು ಇನ್ನೊಂದು ಅಂಕವಿದೆ. ವಿಶ್ವಕಪ್ ಅಂಕ ಹೆಚ್ಚಿದ್ದಷ್ಟೂ ಒಳ್ಳೆಯದು, ಇದು ಕಡಿಮೆಯಿದ್ದಷ್ಟೂ ಒಳ್ಳೆಯದು. ನಿಮ್ಮ ಸಮಯವನ್ನು ಗೆದ್ದವರ ಸಮಯದಿಂದ ಭಾಗಿಸಿ, ಒಂದನ್ನು ಕಳೆದು, ಆ ವಿಭಾಗಕ್ಕೆ ಗೊತ್ತುಮಾಡಿದ ಸಂಖ್ಯೆಯಿಂದ ಗುಣಿಸಬೇಕು. ಸ್ಲಾಲೋಮ್‌ಗೆ ಈಚಿನ ವರ್ಷಗಳಲ್ಲಿ ಅದು 730. ಗೆದ್ದವರು 100 ಸೆಕೆಂಡ್, ನೀವು 106 ತೆಗೆದುಕೊಂಡರೆ 0.06 ಗುಣಿಸು 730, ಅಂದರೆ 43.8. ಓಟದಲ್ಲಿದ್ದವರು ಎಷ್ಟು ಬಲಶಾಲಿಗಳು ಎಂಬುದರ ಮೇಲೆ ಇದಕ್ಕೆ ಇನ್ನಷ್ಟು ಸೇರುತ್ತದೆ; ವಿಶ್ವಕಪ್‌ನಲ್ಲಿ ಹಾಗೆ ಸೇರುವುದು ಸೊನ್ನೆ. ಒಲಿಂಪಿಕ್ಸ್ ಪ್ರವೇಶಕ್ಕೂ ಈ ಅಂಕ ಒಂದು ಮಿತಿಯೊಳಗಿರಬೇಕು. ಹಾಗಾಗಿ ಭಾರತದ ಸ್ಕೀ ಆಟಗಾರರೊಬ್ಬರ ಪಾಯಿಂಟ್ ‘90ರಿಂದ 60ಕ್ಕೆ ಕುಸಿಯಿತು’ ಎಂಬ ತಲೆಬರಹ ಎಲ್ಲಾದರೂ ಕಂಡರೆ ಅದು ಒಳ್ಳೆಯ ಸುದ್ದಿ.